ಟಾಸ್ಕ್ ಮ್ಯಾನೇಜರ್ ತೆರೆಯದಿದ್ದಾಗ: ಫಾರ್ಮ್ಯಾಟ್ ಮಾಡಿಸುವ ಮುಂಚೆ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬಂದವರಲ್ಲಿ ಕೆಲವರು ಬರೆದುಕೊಡಿ ಎಂದು ಕೇಳಿದರು. ಮಾತಾಡಿದ ಹಾಗೆಯೇ, ಸ್ವಲ್ಪ ಓರಣ ಮಾಡಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ನಮ್ಮ ಚಿಕ್ಕಪ್ಪನ ಕಂಪ್ಯೂಟರಿನ ವಿಷಯ ಹೇಳುತ್ತೇನೆ. ಚಿಕ್ಕಪ್ಪ ಕನ್ನಡ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್ ಕಲಿತರು. ಮನೆತನದ ವಂಶಾವಳಿ, ಊರಿನ ದೇವಸ್ಥಾನದ ಹಳೇ ಲೆಕ್ಕ, ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳು, ಎಲ್ಲವನ್ನೂ ಕೂತು ಟೈಪ್ ಮಾಡಿದ್ದರು. ಒಂದು ದಿನ ಕಂಪ್ಯೂಟರ್ ತೀರಾ ನಿಧಾನವಾಯಿತು. ಯಾರೋ ಹೇಳಿಕೊಟ್ಟಿದ್ದ ಹಾಗೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್, ಅಂದರೆ ಯಾವ ಯಾವ ಪ್ರೋಗ್ರಾಮ್ ಓಡುತ್ತಿದೆ ಎಂದು ತೋರಿಸುವ ಟೂಲ್, ತೆರೆಯಲು ಹೋದರು. ತೆರೆಯಲಿಲ್ಲ. ಒಂದು ಸಣ್ಣ ಚೌಕದಲ್ಲಿ ಇಂಗ್ಲಿಷ್‌ನಲ್ಲಿ ಏನೋ ಬಂತು. ಓಕೆ ಒತ್ತಿದರು, ಹೋಯಿತು. ಮತ್ತೆ ಒತ್ತಿದರು, ಮತ್ತೆ ಅದೇ ಚೌಕ.

ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದರು. ಸಂಜೆ ಹೊತ್ತಿಗೆ ಕಂಪ್ಯೂಟರ್ ವಾಪಸ್ ಬಂತು. ಚೆನ್ನಾಗಿ ಓಡುತ್ತಿತ್ತು. ಫಾರ್ಮ್ಯಾಟ್ ಮಾಡಿದ್ದರು. ಡೆಸ್ಕ್‌ಟಾಪ್‌ನಲ್ಲಿ, ಡಾಕ್ಯುಮೆಂಟ್ಸ್‌ನಲ್ಲಿ ಇದ್ದದ್ದೆಲ್ಲ ಸಿ ಡ್ರೈವ್ ಜೊತೆಗೆ ಅಳಿಸಿಹೋಗಿತ್ತು. ಪೆನ್‌ಡ್ರೈವ್‌ನಲ್ಲಿ ಒಂದಷ್ಟು ಕಾಪಿ ಇತ್ತು. ಅದನ್ನು ತೆರೆದರೆ ಕನ್ನಡವೇ ಇಲ್ಲ, ತಲೆಮೇಲೆ ಚುಕ್ಕೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. ನುಡಿಯ ಹಳೇ ಫಾಂಟೂ ಫಾರ್ಮ್ಯಾಟ್‌ನಲ್ಲಿ ಹೋಗಿತ್ತು. ಫಾಂಟ್ ಮತ್ತೆ ಹಾಕಿದ ಮೇಲೆ ಆ ಫೈಲುಗಳು ಸರಿಯಾದವು. ಸೋಬಾನೆ ಪದಗಳು ಮಾತ್ರ ಪೆನ್‌ಡ್ರೈವ್‌ನಲ್ಲಿ ಇರಲಿಲ್ಲ. "ಹೋಗಲಿ ಬಿಡೋ" ಅಂದರು ಚಿಕ್ಕಪ್ಪ. ಅವರು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ಸಣ್ಣ ಚೌಕದಲ್ಲಿ ಏನು ಬರೆದಿತ್ತು ಅಂತ ಆಮೇಲೆ ಕೇಳಿದೆ. ಅವರು ಶಿಸ್ತಿನ ಮನುಷ್ಯರು, ಡೈರಿಯಲ್ಲಿ ಬರೆದುಕೊಂಡಿದ್ದರು. 'ಟಾಸ್ಕ್ ಮ್ಯಾನೇಜರ್ ಹ್ಯಾಸ್ ಬೀನ್ ಡಿಸೇಬಲ್ಡ್ ಬೈ ಯುವರ್ ಅಡ್ಮಿನಿಸ್ಟ್ರೇಟರ್.' ಈ ಮಾತು ಬಂದರೆ ಟಾಸ್ಕ್ ಮ್ಯಾನೇಜರ್ ಕೆಟ್ಟಿಲ್ಲ ಅಂತ ಅರ್ಥ. ಯಾರೋ ಅದಕ್ಕೆ ಬೀಗ ಹಾಕಿದ್ದಾರೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ. ಆ ಬೀಗ ಅಂದರೆ ಅದರಲ್ಲಿ ಕೂತಿರುವ ಒಂದೇ ಒಂದು ಅಂಕಿ. 1 ಇದ್ದರೆ ಮುಚ್ಚಿದೆ. 0 ಮಾಡಿದರೆ, ಇಲ್ಲಾ ಆ ಸಾಲನ್ನೇ ಅಳಿಸಿದರೆ, ತೆರೆದುಕೊಳ್ಳುತ್ತದೆ. ಅಷ್ಟಕ್ಕೆ ಅಷ್ಟೂ ಬರವಣಿಗೆ ಹೋಯಿತು. ಇವತ್ತು ನಿಮ್ಮ ಮುಂದೆ ನಿಂತಿರುವುದು ಇದೇ ಕಾರಣಕ್ಕೆ.

ಈ ಟೂಲುಗಳು ಯಾಕೆ ಮುಖ್ಯ ಅಂತ ಎರಡು ಮಾತು. ಟಾಸ್ಕ್ ಮ್ಯಾನೇಜರ್, ರಿಜಿಸ್ಟ್ರಿ ಎಡಿಟರ್, ಕಮಾಂಡ್ ಪ್ರಾಂಪ್ಟ್, ಕಂಟ್ರೋಲ್ ಪ್ಯಾನೆಲ್, ಸೆಟ್ಟಿಂಗ್ಸ್ ಇವೆಲ್ಲ ಕಂಪ್ಯೂಟರಿನ ಒಳಗೆ ಏನಾಗುತ್ತಿದೆ ಎಂದು ನೋಡುವ ಕಿಟಕಿಗಳು. ಇವುಗಳಲ್ಲಿ ಟಾಸ್ಕ್ ಮ್ಯಾನೇಜರ್ ಬಹಳ ಗಟ್ಟಿ ಜೀವ. ಈಗಿನ ರೂಪದಲ್ಲಿ ಅದು ಬಂದದ್ದು 1996ರ ವಿಂಡೋಸ್ ಎನ್‌ಟಿ 4ರಲ್ಲಿ, ಬರೆದವರು ಡೇವ್ ಪ್ಲಮರ್. ಉಳಿದದ್ದೆಲ್ಲ ಹೆಪ್ಪುಗಟ್ಟಿದರೂ ಇದು ಬರಬೇಕು ಅಂತಲೇ ಕಟ್ಟಿದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಕೆಳಗಿನ ಟಾಸ್ಕ್‌ಬಾರ್ ಸತ್ತುಹೋಗಿದ್ದರೂ ಅದು ಎದ್ದು ಬರುತ್ತದೆ. ಅಷ್ಟು ಗಟ್ಟಿಯಾದದ್ದು ಬರಲಿಲ್ಲ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು, ಅಲ್ವಾ?

ವೈರಸ್ ಬರೆಯುವವರಿಗೂ ಇದು ಗೊತ್ತು. ಮನೆಗೆ ನುಗ್ಗಿದ ಕಳ್ಳ ಮೊದಲು ದೀಪ ಆರಿಸುತ್ತಾನೆ. 2005ರಲ್ಲಿ ಇಂಡೋನೇಷ್ಯಾದಿಂದ ಹರಡಿದ ಬ್ರಾಂಟಾಕ್ ಎಂಬ ವೈರಸ್ ರಿಜಿಸ್ಟ್ರಿ ಎಡಿಟರ್ ಮುಚ್ಚಿಬಿಡುತ್ತಿತ್ತು, ಫೋಲ್ಡರ್ ಆಪ್ಷನ್ಸ್ ಮಾಯ ಮಾಡುತ್ತಿತ್ತು. ಸ್ಯಾಲಿಟಿ ಎಂಬ ಇನ್ನೊಂದು ವೈರಸ್ ಟಾಸ್ಕ್ ಮ್ಯಾನೇಜರನ್ನೂ ಮುಚ್ಚಿ, ಸೇಫ್ ಮೋಡ್‌ಗೆ, ಅಂದರೆ ಬೇಕೇ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಏಳುವ ರೀತಿಗೆ, ಹೋಗುವ ದಾರಿಯನ್ನೇ ಅಳಿಸುತ್ತಿತ್ತು. ನಮ್ಮ ಕಡೆ ಇಂಥವು ಜಾಸ್ತಿ ಹರಡಿದ್ದು ಪೆನ್‌ಡ್ರೈವ್‌ನಿಂದ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವುದು, ಅದೇ ಪೆನ್‌ಡ್ರೈವ್ ಮನೆಯಲ್ಲಿ ಹಾಕುವುದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಡ್ರೈವ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕಿತ್ತು, ಆಟೋರನ್ ಎಂಬ ಸಣ್ಣ ಫೈಲಿನ ಮೂಲಕ ವೈರಸ್ ಒಳಗೆ ಬರುತ್ತಿತ್ತು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಹಳೇ ವಿಂಡೋಸ್‌ಗಳಿಗೂ ಅಪ್‌ಡೇಟ್ ಕಳಿಸಿ ಪೆನ್‌ಡ್ರೈವ್‌ಗಳ ಆಟೋರನ್ ನಿಲ್ಲಿಸಿತು. ಈಗ ದಾರಿ ಬೇರೆ. ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸುವ ಕ್ರ್ಯಾಕ್‌ಗಳಿವೆಯಲ್ಲ, ಅವುಗಳ ಜೊತೆ ಬರುತ್ತದೆ. ಕ್ರ್ಯಾಕ್ ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಅದರಲ್ಲೇ ಬರೆದಿರುತ್ತದೆ. ಬಾಗಿಲನ್ನು ನಮ್ಮ ಕೈಯಿಂದಲೇ ತೆಗೆಸುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಟೂಲ್ ತೆರೆಯದೇ ಇರುವುದರಲ್ಲೂ ಬೇರೆ ಬೇರೆ ಬಗೆ ಇದೆ. ಹೇಗೆ ತೆರೆಯುತ್ತಿಲ್ಲ ಎಂದು ಮೊದಲು ನೋಡಬೇಕು. ಬಂದ ಮಾತನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ದಯವಿಟ್ಟು ಸುಮ್ನೆ ಓಕೆ ಒತ್ತಬೇಡಿ.

'ಅಡ್ಮಿನಿಸ್ಟ್ರೇಟರ್ ಮುಚ್ಚಿದ್ದಾರೆ' ಎಂಬ ಅರ್ಥದ ಮಾತು ಬಂದರೆ ಅದು ಆಗಲೇ ಹೇಳಿದ ಬೀಗ. ಹಾಗೆ ಬಂದಾಗ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಲ್ಯಾಪ್‌ಟಾಪ್ ನಿಜವಾಗಿ ನಿಮ್ಮದೇನಾ? ಕಂಪನಿ ಕೊಟ್ಟಿದ್ದಾದರೆ, ಮಕ್ಕಳ ಕಾಲೇಜಿನದಾದರೆ, ಆ ಬೀಗ ಅವರೇ ಹಾಕಿರುತ್ತಾರೆ. ಅದನ್ನು ಮುರಿಯಲು ಹೋಗಬಾರದು. ಸ್ವಂತದ್ದೇ ಆದರೂ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ 'ಆಕ್ಸೆಸ್ ವರ್ಕ್ ಆರ್ ಸ್ಕೂಲ್' ಎಂಬ ಪುಟ ನೋಡಿ. ಹಳೇ ಕೆಲಸದ ಅಕೌಂಟ್ ಅಲ್ಲಿ ಇನ್ನೂ ಸೇರಿಕೊಂಡಿದ್ದರೆ ಆ ಕಂಪನಿಯ ನಿಯಮಗಳು ನಿಮ್ಮ ಕಂಪ್ಯೂಟರಿಗೆ ಬರುತ್ತಿರಬಹುದು.

'ವಿಂಡೋಸ್ ಕೆನಾಟ್ ಫೈಂಡ್' ಎಂದು ಬಂದರೆ ಕಥೆ ಬೇರೆ. ಒಬ್ಬರ ಮನೆಯಲ್ಲಿ ಟಾಸ್ಕ್ ಮ್ಯಾನೇಜರ್ ಕಾಣಿಸುತ್ತಿಲ್ಲ ಎನ್ನುತ್ತಿತ್ತು. ಸಿಸ್ಟಮ್ 32 ಫೋಲ್ಡರಿನಲ್ಲಿ ನೋಡಿದರೆ ಫೈಲ್ ಇತ್ತು! ಇದ್ದದ್ದನ್ನು ಇಲ್ಲ ಎನ್ನುತ್ತಿದೆ. ಅವರ ಮಗ ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ, ಟಾಸ್ಕ್ ಮ್ಯಾನೇಜರಿನಂಥದ್ದೇ ಒಂದು ಒಳ್ಳೆಯ ಟೂಲ್ ಡೌನ್‌ಲೋಡ್ ಮಾಡಿದ್ದ. ಟಾಸ್ಕ್ ಮ್ಯಾನೇಜರ್ ಬದಲು ಇದೇ ತೆರೆಯಲಿ ಎಂಬ ಆಯ್ಕೆ ಅದರಲ್ಲಿ ಇದೆ, ಅದನ್ನು ಒತ್ತಿದ್ದ. ಆರು ತಿಂಗಳಾದ ಮೇಲೆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿದ. ಈಗ ವಿಂಡೋಸ್ ಟಾಸ್ಕ್ ಮ್ಯಾನೇಜರ್ ಬದಲು ಇಲ್ಲದ ಫೈಲನ್ನು ಹುಡುಕುತ್ತಿದೆ. ರಿಜಿಸ್ಟ್ರಿಯಲ್ಲಿ 'ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್' ಎಂಬ ಜಾಗ ಇದೆ. ಅಲ್ಲಿ ಒಂದು ಪ್ರೋಗ್ರಾಮಿನ ಹೆಸರಿನ ಕೆಳಗೆ 'ಡಿಬಗ್ಗರ್' ಎಂದು ಬರೆದು ಬೇರೆ ಫೈಲಿನ ದಾರಿ ಕೊಟ್ಟರೆ, ಆ ಹೆಸರು ಕರೆದಾಗಲೆಲ್ಲ ಇದು ಬರುತ್ತದೆ. ಪ್ರೋಗ್ರಾಮ್ ಬರೆಯುವವರ ಅನುಕೂಲಕ್ಕೆ ಮಾಡಿದ್ದು. ವೈರಸ್‌ಗಳೂ ಇದೇ ಜಾಗ ಬಳಸುತ್ತವೆ. ಆಂಟಿವೈರಸ್‌ಗಳ ಹೆಸರನ್ನೆಲ್ಲ ಅಲ್ಲಿ ಸಾಲಾಗಿ ಬರೆದಿಟ್ಟಿದ್ದ ಕಂಪ್ಯೂಟರನ್ನೂ ನೋಡಿದ್ದೇನೆ. ಈ ತಂತ್ರ ನೋಡುವುದು ಹೆಸರನ್ನು ಮಾತ್ರ. ಆದ್ದರಿಂದ ಟೂಲಿನ ಫೈಲಿಗೆ ಬೇರೆ ಹೆಸರಿಟ್ಟರೆ ಅದು ತೆರೆದುಕೊಳ್ಳುತ್ತದೆ. ಹುಡುಗನ ಮನೆಯಲ್ಲಿ ಆ ಡಿಬಗ್ಗರ್ ಸಾಲು ಅಳಿಸಿದೆವು, ಎರಡು ನಿಮಿಷದ ಕೆಲಸ.

ಕಿಟಕಿ ತೆರೆದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಂಡರೆ ಹುಷಾರಾಗಿರಿ. ಒಳಗೆ ಯಾವುದೋ ಪ್ರೋಗ್ರಾಮ್ ಕಾಯುತ್ತಾ ಕೂತಿದ್ದು, ಆ ಹೆಸರಿನ ಕಿಟಕಿ ಕಂಡ ತಕ್ಷಣ ಮುಚ್ಚುತ್ತಿರಬಹುದು. ಇಂಟರ್ನೆಟ್ ಕಳಚಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಬೇಡ. ಪಾಸ್‌ವರ್ಡ್‌ಗಳನ್ನು ಬೇರೆ ಕಡೆಯಿಂದ, ಮೊಬೈಲಿನಿಂದಲೇ ಆಗಲಿ, ಬದಲಾಯಿಸಿ.

ಇನ್ನು, ಯಾವ ಮಾತೂ ಬರದೆ ಗೋಲ ತಿರುಗುತ್ತಾ ಇದ್ದು, ಮೂರು ನಿಮಿಷಕ್ಕೆ ಟೂಲ್ ತೆರೆದರೆ ಅದು ಹೆಚ್ಚಾಗಿ ವೈರಸ್ ಅಲ್ಲ. ಹಳೇ ಹಾರ್ಡ್ ಡಿಸ್ಕ್, ಕಡಿಮೆ ರ‍್ಯಾಮ್, ಇಲ್ಲಾ ತುಂಬಿಹೋದ ಸಿ ಡ್ರೈವ್. ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ರಿಪೇರಿ ಎಲ್ಲ ಆಮೇಲೆ. ಮೊದಲು ಫೈಲುಗಳನ್ನು ಹೊರಗೆ ತೆಗೆಯಿರಿ.

ಕೆಲವರು ಇಲ್ಲದ ಟೂಲ್ ಹುಡುಕಿ ಗಾಬರಿಯಾಗುತ್ತಾರೆ. ಯಾವುದೋ ವಿಡಿಯೊದಲ್ಲಿ ಗ್ರೂಪ್ ಪಾಲಿಸಿ ಎಡಿಟರ್, ಅಂದರೆ ಇಂಥ ಬೀಗಗಳನ್ನು ಹಾಕುವ, ತೆಗೆಯುವ ಟೂಲ್, ತೆರೆಯಿರಿ ಎಂದು ಹೇಳಿರುತ್ತಾರೆ. ನಿಮ್ಮದು ವಿಂಡೋಸ್ ಹೋಮ್ ಎಡಿಷನ್ ಆಗಿದ್ದರೆ ಆ ಟೂಲ್ ಅದರಲ್ಲಿ ಬರುವುದೇ ಇಲ್ಲ, ಪ್ರೊ ಎಡಿಷನ್‌ನಲ್ಲಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಹಾಗೆಯೇ ಹಳೇ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರಿಗೆ ಮೆನು, ಟ್ಯಾಬ್ ಏನೂ ಇಲ್ಲದೆ ಬರೀ ಪಟ್ಟಿ ಕಂಡರೆ, ಅದರ ಅಂಚಿನ ಮೇಲೆ ಡಬಲ್ ಕ್ಲಿಕ್ ಮಾಡಿ. ಎಲ್ಲ ವಾಪಸ್ ಬರುತ್ತದೆ. ಇದಕ್ಕೂ ಫಾರ್ಮ್ಯಾಟ್ ಮಾಡಿಸಿದವರನ್ನು ನಾನು ಬಲ್ಲೆ.

ಲಕ್ಷಣ ನೋಡಿದ ಮೇಲೆ ನಾನು ಯಾವಾಗಲೂ ಮಾಡುವ ಮೊದಲ ಕೆಲಸ, ಬೇರೆ ಯೂಸರ್ ಅಕೌಂಟ್‌ನಿಂದ ಒಳಗೆ ಹೋಗಿ ನೋಡುವುದು. ಇದನ್ನು ಯಾಕೆ ಇಷ್ಟು ನಂಬುತ್ತೇನೆ ಅಂತ ಹೇಳುತ್ತೇನೆ. ಒಂದೇ ಕಂಪ್ಯೂಟರಿನಲ್ಲಿ ಅಪ್ಪನಿಗೊಂದು, ಮಗಳಿಗೊಂದು ಅಕೌಂಟ್ ಇದ್ದರೆ, ಇಬ್ಬರ ಸೆಟ್ಟಿಂಗುಗಳೂ ಬೇರೆ ಬೇರೆ ಫೈಲುಗಳಲ್ಲಿ ಇರುತ್ತವೆ. ನಾನು ಹೇಳಿದ ಬೀಗ ಸಾಮಾನ್ಯವಾಗಿ ಕೂರುವುದು ಒಬ್ಬರ ಫೈಲಿನಲ್ಲಿ. ಅಪ್ಪನ ಅಕೌಂಟ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಮುಚ್ಚಿದೆ, ಮಗಳದರಲ್ಲಿ ತೆರೆಯುತ್ತದೆ ಅಂದರೆ ಅರ್ಧ ಉತ್ತರ ಸಿಕ್ಕಿತು. ವಿಂಡೋಸ್ ಚೆನ್ನಾಗಿದೆ, ತೊಂದರೆ ಆ ಒಂದು ಅಕೌಂಟ್‌ನದು. ಎರಡರಲ್ಲೂ ತೆರೆಯದಿದ್ದರೆ ತೊಂದರೆ ಇನ್ನೂ ಆಳದಲ್ಲಿದೆ. ಸೆಟ್ಟಿಂಗ್ಸ್ ಆ್ಯಪ್ ತೆರೆಯದೆ ಸತಾಯಿಸುವಾಗಲೂ ಇದೇ ಪರೀಕ್ಷೆ ಸಾಕು. ಎರಡನೇ ಅಕೌಂಟ್ ಮೊದಲೇ ಇದ್ದರೆ ಎಷ್ಟು ಸುಲಭ! ಕೆಟ್ಟ ಮೇಲೆ ಮಾಡಲು ಹೋದರೆ ಅದಕ್ಕೆ ಬೇಕಾದ ಪುಟವೇ ತೆರೆಯದೆ ಹೋಗಬಹುದು.

ಮುಂದಿನದು ಸ್ಕ್ಯಾನ್. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ರಿಜಿಸ್ಟ್ರಿಯ ಅಂಕಿ ಬದಲಾಯಿಸುವ ವಿಧಾನ ಎಲ್ಲೋ ಓದುತ್ತಾರೆ, ಬದಲಾಯಿಸುತ್ತಾರೆ, ಟೂಲ್ ತೆರೆಯುತ್ತದೆ. ಐದು ನಿಮಿಷಕ್ಕೆ ಮತ್ತೆ ಮುಚ್ಚಿರುತ್ತದೆ. ವೈರಸ್ ಇನ್ನೂ ಒಳಗೇ ಇದೆ, 0 ಮಾಡಿದ್ದನ್ನು ಮತ್ತೆ 1 ಮಾಡುತ್ತಿದೆ. ಆದ್ದರಿಂದ ಮೊದಲು ಸ್ಕ್ಯಾನ್, ಆಮೇಲೆ ಬೀಗ.

ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂದಿದೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಪುಟದಲ್ಲಿ ಸ್ಕ್ಯಾನ್ ಆಪ್ಷನ್ಸ್ ಒತ್ತಿ, ಕೆಳಗೆ ಹೋದರೆ ಸಿಗುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ನಿಮ್ಮ ವಿಂಡೋಸ್ ಏಳುವ ಮೊದಲೇ ಡಿಫೆಂಡರ್ ಎದ್ದು ಹುಡುಕುತ್ತದೆ. ಸುಮಾರು 15 ನಿಮಿಷದ ಕೆಲಸ. ಆಗ ವೈರಸ್ ಓಡುತ್ತಿರುವುದಿಲ್ಲ, ಸುಮ್ಮನೆ ಒಂದು ಫೈಲಾಗಿ ಮಲಗಿರುತ್ತದೆ. ಓಡುವಾಗ ಬಚ್ಚಿಟ್ಟುಕೊಳ್ಳುವುದು ಮಲಗಿದ್ದಾಗ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ, ಇದನ್ನು ಬರೆದುಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಗೂಢಲಿಪಿಯಲ್ಲಿ ಇರಬಹುದು. ವಿಂಡೋಸ್‌ನಲ್ಲಿ ಇದನ್ನು ಮಾಡುವುದು ಬಿಟ್‌ಲಾಕರ್. ಸೇಫ್ ಮೋಡ್, ರಿಕವರಿ ಎಂದು ಒಳಗೆ ಹೋದಾಗ ಅದು 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಬಹುದು. ಅದು ಇಲ್ಲದಿದ್ದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ. ಮೊಬೈಲಿನಿಂದ ಲಾಗಿನ್ ಆಗಿ ನೋಡಿ, ಕಾಗದದ ಮೇಲೆ ಬರೆದಿಡಿ. ಆಮೇಲೆ ಬೇಕಾದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ರಿಕವರಿ ಮೆನು ಬರುತ್ತದೆ.

ಕಂಪ್ಯೂಟರ್ ಶುಚಿಯಾದ ಮೇಲೆ ಬೀಗಕ್ಕೆ ಬನ್ನಿ. ಚೆನ್ನಾಗಿರುವ ಇನ್ನೊಂದು ಅಡ್ಮಿನ್ ಅಕೌಂಟ್‌ನಿಂದ, ಅಂದರೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಇರುವ ಅಕೌಂಟ್‌ನಿಂದ, ಒಳಗೆ ಹೋಗಿ. ಕೆಟ್ಟ ಅಕೌಂಟ್ ಸೈನ್ ಔಟ್ ಆಗಿರಲಿ. ರಿಜಿಸ್ಟ್ರಿ ಎಡಿಟರಿನಲ್ಲಿ ಯೂಸರ್ಸ್ ಎಂಬ ಕೊಂಬೆಯ ಮೇಲೆ ನಿಂತು, ಫೈಲ್ ಮೆನುವಿನ ಲೋಡ್ ಹೈವ್ ಒತ್ತಿ, ಕೆಟ್ಟ ಅಕೌಂಟ್‌ನ ಫೋಲ್ಡರಿನಲ್ಲಿರುವ ಎನ್‌ಟಿಯೂಸರ್ ಡಾಟ್ ಡ್ಯಾಟ್ ಫೈಲನ್ನು ತೋರಿಸಿ. ಆ ಅಕೌಂಟ್‌ನ ಸೆಟ್ಟಿಂಗುಗಳು ಇರುವುದು ಇದರಲ್ಲೇ, ಇಂಥ ಫೈಲಿಗೇ ಹೈವ್ ಎನ್ನುವುದು. ಅದು ಅಡಗಿಸಿಟ್ಟ ಫೈಲ್, ಕಾಣದಿದ್ದರೆ ಹೆಸರನ್ನೇ ಟೈಪ್ ಮಾಡಿ. ಹೈವ್‌ಗೆ ಹೆಸರು ಕೇಳುತ್ತದೆ, ಏನಾದರೂ ಒಂದು ಕೊಡಿ. ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಪಾಲಿಸೀಸ್, ಸಿಸ್ಟಮ್ ಹೀಗೆ ಇಳಿಯುತ್ತಾ ಹೋಗಿ. ಅಲ್ಲಿ 'ಡಿಸೇಬಲ್ ಟಾಸ್ಕ್ ಎಂಜಿಆರ್', 'ಡಿಸೇಬಲ್ ರಿಜಿಸ್ಟ್ರಿ ಟೂಲ್ಸ್' ಎಂಬ ಸಾಲುಗಳು ಕಾಣುತ್ತವೆ. ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಇಟ್ಟುಕೊಳ್ಳಿ. ಆ ಎರಡು ಸಾಲು ಅಳಿಸಿ. ಅನ್‌ಲೋಡ್ ಹೈವ್ ಒತ್ತುವುದನ್ನು ಮರೆಯಬೇಡಿ. ಕೈ ನಡುಗಿದರೆ ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಎರಡೂ ಅಕೌಂಟ್‌ಗಳಲ್ಲಿ ಟೂಲ್ ತೆರೆಯದೆ, ಸ್ಕ್ಯಾನ್‌ನಲ್ಲೂ ಏನೂ ಸಿಗದಿದ್ದರೆ ವಿಂಡೋಸ್‌ನ ಫೈಲುಗಳೇ ಹಾಳಾಗಿರಬಹುದು. ಕೆಲಸದ ನಡುವೆ ಕರೆಂಟು ಹೋಗಿ ಹೀಗಾಗುವುದುಂಟು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಎರಡು ಕಮಾಂಡ್ ಕೊಡಬೇಕು. ಮೊದಲನೆಯದು ಡಿಐಎಸ್‌ಎಮ್, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಇದು ಒಳ್ಳೆಯ ಫೈಲುಗಳನ್ನು ಇಂಟರ್ನೆಟ್‌ನಿಂದ ತರಿಸುತ್ತದೆ. ನಡುವೆ ಬಹಳ ಹೊತ್ತು ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಮುಚ್ಚಬೇಡಿ, ಕಾಫಿ ಕುಡಿದು ಬನ್ನಿ. ಎರಡನೆಯದು ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಇದು ಕೆಟ್ಟ ಫೈಲುಗಳ ಜಾಗಕ್ಕೆ ಒಳ್ಳೆಯವನ್ನು ಇಡುತ್ತದೆ.

ಇದಕ್ಕೂ ಬಗ್ಗದಿದ್ದರೆ, ವಿಂಡೋಸ್‌ನ ಮೇಲೆಯೇ ವಿಂಡೋಸ್ ಹಾಕುವ ದಾರಿ ಇದೆ. ಮೈಕ್ರೋಸಾಫ್ಟ್ ತಾಣದಿಂದ ಐಎಸ್‌ಒ, ಅಂದರೆ ಇಡೀ ವಿಂಡೋಸ್ ಇರುವ ಒಂದೇ ಫೈಲ್, ಇಳಿಸಿ, ಓಡುತ್ತಿರುವ ವಿಂಡೋಸ್ ಒಳಗಿಂದಲೇ ಸೆಟಪ್ ಒತ್ತಿ, ಫೈಲುಗಳೂ ಆ್ಯಪ್‌ಗಳೂ ಉಳಿಯಲಿ ಎಂದು ಆರಿಸಿದರೆ ನಿಮ್ಮದು ಯಾವುದೂ ಹೋಗುವುದಿಲ್ಲ. 'ರಿಸೆಟ್ ದಿಸ್ ಪಿಸಿ' ಅದೇ ಅಲ್ಲ. ಅದರಲ್ಲಿ ಫೈಲ್ ಉಳಿಸು ಎಂದರೂ ನೀವು ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ. 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಹಳೇ ಫಾಂಟುಗಳಿಂದ ಟೈಪ್ ಮಾಡಿದವರು ಇದನ್ನು ಗಮನದಲ್ಲಿಡಿ. ಫೈಲಿನ ಜೊತೆ ಫಾಂಟನ್ನೂ ಕಾಪಿ ಮಾಡಿಕೊಳ್ಳಬೇಕು. ಆ ಹಳೇ ಫಾಂಟ್ ಇಲ್ಲದೆಯೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಟ್ಟರೆ ಇನ್ನೂ ಒಳ್ಳೆಯದು.

ಗಾಬರಿಯಲ್ಲಿ ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. 'ನಾವು ಮೈಕ್ರೋಸಾಫ್ಟ್‌ನವರು' ಎಂದು ಅವರೇ ಫೋನ್ ಮಾಡಿದರೂ ಇಟ್ಟುಬಿಡಿ. ಅವರು ದೂರದಿಂದ ಕಂಪ್ಯೂಟರ್ ಹಿಡಿದು, ಈವೆಂಟ್ ವ್ಯೂಯರ್ ಎಂಬ ವಿಂಡೋಸ್‌ನ ದಿನಚರಿ ತೆರೆದು, ಕೆಂಪು ಗುರುತುಗಳನ್ನು ತೋರಿಸಿ ಹೆದರಿಸುತ್ತಾರೆ. ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಆ ಗುರುತುಗಳು ಇರುತ್ತವೆ. ಇಷ್ಟರಲ್ಲೇ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಇನ್ನೂ ವಿಂಡೋಸ್ 7 ಓಡಿಸುತ್ತಿದ್ದೇನೆ, ಪರವಾಗಿಲ್ಲವಾ ಎಂದು ಒಬ್ಬರು ಕೇಳಿದರು. ಅದಕ್ಕೆ 2020ರ ಜನವರಿಯಿಂದ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಿಂದ ಮಾಮೂಲಿ ಬೆಂಬಲ ನಿಂತಿದೆ ಎಂದೆ. ವಿಂಡೋಸ್ 7ನ್ನು ಇಂಟರ್ನೆಟ್‌ಗೆ ಸೇರಿಸದೆ ಬರೀ ಟೈಪಿಂಗ್‌ಗೆ ಇಟ್ಟುಕೊಳ್ಳಿ ಅಂದೆ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಪರ್ಸಿನಿಂದ ಪೆನ್‌ಡ್ರೈವ್ ತೆಗೆದುಕೊಟ್ಟರು. "ಇದರಲ್ಲಿ ಮಗಳ ಮದುವೆ ಫೋಟೊ ಇದ್ದವು. ಈಗ ಎಲ್ಲ ಶಾರ್ಟ್‌ಕಟ್ ಅಂತ ತೋರಿಸುತ್ತೆ, ಒತ್ತಿದರೆ ಏನೂ ಬರಲ್ಲ. ನೋಡ್ತೀರಾ ಅಪ್ಪ?" ಎಂದರು. ಇದು ಹಳೇ ಪೆನ್‌ಡ್ರೈವ್ ವೈರಸ್‌ನ ಕೆಲಸ. ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ವೈರಸ್ ಓಡುತ್ತದೆ. ಯಾವ ಐಕಾನ್ ಅನ್ನೂ ಒತ್ತದೆ ಮೊದಲು ಸ್ಕ್ಯಾನ್ ಮಾಡಿದೆವು. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೆನ್‌ಡ್ರೈವ್‌ನ ಅಕ್ಷರಕ್ಕೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾ ಟೈಪ್ ಮಾಡಿದೆ. ಆಟ್ರಿಬ್, ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಪ್ರತಿಯೊಂದರ ನಡುವೆ ಒಂದು ಸ್ಪೇಸ್. ಎಂಟರ್ ಒತ್ತಿದೆ. ಕೆಲವು ಕ್ಷಣ ಕರ್ಸರ್ ಮಿಣುಕುತ್ತಾ ನಿಂತಿತು. ಫೋಲ್ಡರುಗಳು ಒಂದೊಂದಾಗಿ ಕಾಣಿಸಿಕೊಂಡವು. ಅಮ್ಮ ಕನ್ನಡಕ ಹಾಕಿಕೊಂಡು ಮುಂದೆ ಬಂದರು. ಮೊದಲು ತೆರೆದದ್ದು ಚಪ್ಪರದ ಫೋಟೊ.